ಮೂಗಿಗೆ ಹೊಡೆಯೋದು ಕ್ಲೀನ್ ವಾಸನೆ ಅಲ್ಲ

ಭಾಗ 1/10

ಪೂಲ್ ಗೇಟು ದಾಟಿದ ತಕ್ಷಣ ಮೂಗಿಗೆ ಹೊಡೆಯೋ ವಾಸನೆ ಗೊತ್ತಲ್ಲ? "ಪರವಾಗಿಲ್ಲ, ಚೆನ್ನಾಗಿ ಕ್ಲೋರಿನ್ ಹಾಕಿದ್ದಾರೆ, ನೀರು ಕ್ಲೀನ್ ಇದೆ" ಅಂತ ಬಹಳ ಜನ ಅಂದ್ಕೊಳ್ತಾರೆ. ವಿಷಯ ಪೂರ್ತಿ ಉಲ್ಟಾ. ಚೆನ್ನಾಗಿ ನೋಡ್ಕೊಂಡಿರೋ ಪೂಲ್‌ಗೆ ಹೆಚ್ಚುಕಡಿಮೆ ವಾಸನೆಯೇ ಇರಲ್ಲ. ಮೂಗು ಉರಿಸುವಷ್ಟು ವಾಸನೆ ಬರ್ತಿದೆ ಅಂದ್ರೆ ಆ ನೀರಲ್ಲಿ ಕೆಲಸ ಮಾಡೋ ಕ್ಲೋರಿನ್ ಕಡಿಮೆ ಆಗಿದೆ, ನಮ್ಮೆಲ್ಲರ ಬೆವರು ಮತ್ತು (ಬೇಜಾರು ಮಾಡ್ಕೋಬೇಡಿ) ಮೂತ್ರ ಜಾಸ್ತಿ ಆಗಿದೆ ಅಂತ ಅರ್ಥ.

ಬೇಸಿಗೆ ಬಂತು. ಸೆಮ್ ಎಕ್ಸಾಮ್ ಮುಗಿದ ಮಾರನೇ ದಿನವೇ ವಾಟ್ಸಾಪ್ ಗ್ರೂಪಲ್ಲಿ ರೆಸಾರ್ಟ್ ಲಿಂಕ್‌ಗಳು ಸುರಿಯೋಕೆ ಶುರು. "ಪೂಲ್ ಇದೆ, ಜಕೂಜಿ ಇದೆ, ರೇನ್ ಡಾನ್ಸ್ ಇದೆ, ತಲೆಗೆ ಇಷ್ಟು." ರೂಮಿನ ಫೋಟೋ ಕೇಳ್ತೀವಿ, ಊಟದ ಮೆನು ಕೇಳ್ತೀವಿ, ಡಿಜೆ ಎಷ್ಟು ಗಂಟೆವರೆಗೆ ಅಂತ ಕೇಳ್ತೀವಿ. ಮೂರು ಗಂಟೆ ಹೊತ್ತು ಮೈಯೆಲ್ಲ ಮುಳುಗಿಸೋ ನೀರಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ದುಡ್ಡು ತಗೊಂಡು ಜನರನ್ನ ನೀರಿಗೆ ಇಳಿಸೋ ಪ್ರತಿ ಜಾಗವೂ ಆ ದಿನದ ನೀರಿನ ಲೆಕ್ಕವನ್ನ ಗೇಟಲ್ಲಿ ಬೋರ್ಡ್ ಮೇಲೆ ಬರೆದು ಹಾಕಬೇಕು. ರೆಸಾರ್ಟ್ ಇರಲಿ, ಅಪಾರ್ಟ್‌ಮೆಂಟ್ ಇರಲಿ, ಜಿಮ್ ಇರಲಿ. ಮತ್ತೆ ಆ ಬೋರ್ಡ್ ಕೇಳೋದನ್ನ ನಾವೇ ಶುರು ಮಾಡಬೇಕು.

ಕೆಮಿಸ್ಟ್ರಿ ಓದಿದವಳಲ್ಲ ನಾನು, ಬಿಕಾಂ. ಆದರೆ ಇದು ಕೊನೆಗೆ ಲೆಕ್ಕದ ವಿಷಯವೇ. ಬನ್ನಿ ತೋರಿಸ್ತೀನಿ.

ಭಾಗ 2/10

ಮೊದಲು ಆ ವಾಸನೆ ಎಲ್ಲಿಂದ ಬರತ್ತೆ ನೋಡೋಣ.

ನೀರಿಗೆ ಕ್ಲೋರಿನ್ ಹಾಕಿದಾಗ ಅದು ರೋಗಾಣುಗಳನ್ನ ಕೊಲ್ಲೋಕೆ ರೆಡಿಯಾಗಿರತ್ತೆ. ಇದಕ್ಕೆ ಫ್ರೀ ಕ್ಲೋರಿನ್ ಅಂತಾರೆ, ಅಂದ್ರೆ ಕೈ ಖಾಲಿ ಇರೋ ಕೆಲಸಗಾರ. ನಮ್ಮ ಬೆವರು, ಮೂತ್ರ, ಎರಡರಲ್ಲೂ ಯೂರಿಯಾ ಮತ್ತು ಅಮೋನಿಯಾ ಇರತ್ತೆ. ಕ್ಲೋರಿನ್ ಇವುಗಳ ಜೊತೆ ಸೇರಿ ಕ್ಲೋರಮೈನ್ ಆಗತ್ತೆ. ಈಗ ಆ ಕೆಲಸಗಾರನ ಕೈ ಕಟ್ಟಿದ ಹಾಗೆ. ರೋಗಾಣು ಕೊಲ್ಲೋ ಶಕ್ತಿ ತುಂಬ ಕಡಿಮೆ, ಕಣ್ಣು ಮೂಗು ಉರಿಸೋ ಶಕ್ತಿ ಮಾತ್ರ ಜಾಸ್ತಿ.

ಕ್ಲೋರಮೈನ್‌ಗಳಲ್ಲಿ ಟ್ರೈಕ್ಲೋರಮೈನ್ ಅನ್ನೋದು ಬಹಳ ಬೇಗ ನೀರಿಂದ ಗಾಳಿಗೆ ಬರತ್ತೆ. ಅದು ಗಾಳಿಗಿಂತ ಭಾರ. ಅದಕ್ಕೇ ಒಳಾಂಗಣ ಪೂಲ್‌ನಲ್ಲಿ ನೀರಿನ ಮೇಲ್ಮೈಗೆ ಹತ್ತಿರ, ಅಂದ್ರೆ ಈಜೋರು ಉಸಿರು ಎಳ್ಕೊಳ್ಳೋ ಜಾಗದಲ್ಲೇ, ನಿಂತುಬಿಡತ್ತೆ. ಗ್ಯಾಲರಿಯಲ್ಲಿ ಕೂತ ಅಪ್ಪ ಅಮ್ಮಂದಿರಿಗೆ ಏನೂ ಅನ್ನಿಸಲ್ಲ, ನೀರಲ್ಲಿರೋ ಮಗು ಕೆಮ್ಮತ್ತೆ.

"ನಾವು ಯಾರೂ ಪೂಲಲ್ಲಿ ಹಾಗೆಲ್ಲ ಮಾಡಲ್ಲ" ಅಂತೀರಾ? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಅಸಿಸಲ್ಫೇಮ್ ಪೊಟ್ಯಾಸಿಯಂ ಅನ್ನೋ ಕೃತಕ ಸಿಹಿ ನಮ್ಮ ದೇಹದಲ್ಲಿ ಕರಗದೆ ಮೂತ್ರದಲ್ಲಿ ಹಾಗೇ ಹೊರಗೆ ಬರತ್ತೆ. ಪೂಲ್ ನೀರಲ್ಲಿ ಅದು ಎಷ್ಟಿದೆ ಅಂತ ಅಳೆದು ಲೆಕ್ಕ ಹಾಕಿದರು. ಸುಮಾರು 8,30,000 ಲೀಟರ್‌ನ ಒಂದು ಪೂಲ್‌ನಲ್ಲಿ ಅಂದಾಜು 75 ಲೀಟರ್ ಮೂತ್ರ! ಮನೆಗೆ ಬರೋ 20 ಲೀಟರ್ ನೀರಿನ ಕ್ಯಾನ್ ಇದೆಯಲ್ಲ, ಅದರಲ್ಲಿ ನಾಲ್ಕು ಕ್ಯಾನ್‌ಗೆ ಸ್ವಲ್ಪ ಕಡಿಮೆ.

ಇನ್ನೊಂದು ಮಾತು. ಮೂತ್ರ ಮಾಡಿದ್ರೆ ನೀರು ನೀಲಿ ಆಗೋ ಬಣ್ಣ ಹಾಕಿರ್ತಾರೆ ಅಂತ ಚಿಕ್ಕವರಿದ್ದಾಗ ಹೆದರಿಸ್ತಿದ್ದರಲ್ಲ, ಅದು ಬರೀ ಕಥೆ. ಅಂಥ ಬಣ್ಣ ಯಾವ ಪೂಲಲ್ಲೂ ಇಲ್ಲ. ಅದಕ್ಕೇ ಯಾರೂ ಸಿಕ್ಕಿಬೀಳಲ್ಲ.

ಭಾಗ 3/10

ಈಗ ನಮ್ಮ ಸಬ್ಜೆಕ್ಟ್‌ಗೆ ಬರೋಣ. ಗ್ರಾಸ್ ಪ್ರಾಫಿಟ್, ನೆಟ್ ಪ್ರಾಫಿಟ್ ನೆನಪಿದೆಯಾ?

ನೀರಲ್ಲಿರೋ ಒಟ್ಟು ಕ್ಲೋರಿನ್ ಅಂದ್ರೆ ಗ್ರಾಸ್. ಅದರಲ್ಲಿ ಕೈ ಕಟ್ಟಿಸ್ಕೊಂಡು ಕ್ಲೋರಮೈನ್ ಆಗಿರೋದನ್ನ ಕಳೀರಿ, ಉಳಿಯೋದೇ ಫ್ರೀ ಕ್ಲೋರಿನ್. ಅದು ನೆಟ್. ಬರೀ ಗ್ರಾಸ್ ತೋರಿಸಿ "ನಮ್ಮ ಕಂಪನಿ ಸೂಪರ್" ಅಂದ್ರೆ ನಮ್ಮ ಅಕೌಂಟ್ಸ್ ಮೇಡಂ ಒಪ್ತಾರಾ? ಪೂಲ್‌ಗಳಲ್ಲಿ ಮಾತ್ರ ಅದನ್ನೇ ಮಾಡ್ತಾರೆ.

ಹೇಗೆ ಅಂದ್ರೆ, ಹಳೇ ಥರದ ಒಂದು ಟೆಸ್ಟ್ ಕಿಟ್ ಇದೆ. ನೀರಿಗೆ ಹನಿ ಹಾಕಿದ್ರೆ ಹಳದಿ ಬಣ್ಣ ಬರತ್ತೆ. ಅದು ಒಟ್ಟು ಕ್ಲೋರಿನ್ ಮಾತ್ರ ತೋರಿಸತ್ತೆ. ಹಳದಿ ಬಂತು, ಸಾಕು ಅಂತ ಡಬ್ಬಿ ಮುಚ್ಚಿಡ್ತಾರೆ. ಇನ್ನೊಂದು ಡಿಪಿಡಿ ಅಂತ, ಇದರಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗತ್ತೆ. ಒಂದನೇ ನಂಬರ್ ಗುಳಿಗೆ ಫ್ರೀ ಕ್ಲೋರಿನ್ ಹೇಳತ್ತೆ, ಮೂರನೇ ನಂಬರ್ ಗುಳಿಗೆ ಸೇರಿಸಿದ್ರೆ ಒಟ್ಟು ಎಷ್ಟು ಅಂತ ಹೇಳತ್ತೆ. ಕಳೆದ್ರೆ ಮುಗೀತು.

ಉದಾಹರಣೆಗೆ ಒಟ್ಟು 3.0, ಫ್ರೀ 1.2 ಬಂತು ಅಂತಿಟ್ಕೊಳ್ಳಿ. ವ್ಯತ್ಯಾಸ 1.8. ಹಳದಿ ಕಿಟ್ ಇಟ್ಕೊಂಡಿರೋ ಜಾಗದಲ್ಲಿ "ಸರ್, ಕ್ಲೋರಿನ್ ಮೂರಿದೆ" ಅಂತ ಖುಷಿಯಾಗಿ ಹೇಳ್ತಾರೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳೋ ಪ್ರಕಾರ ಆ ವ್ಯತ್ಯಾಸ 0.4ರ ಒಳಗೆ ಇರಬೇಕು. ಅಂದ್ರೆ ಈ ಪೂಲ್ ನಾಲ್ಕು ಪಟ್ಟಿಗಿಂತ ಜಾಸ್ತಿ ದಾಟಿದೆ. ಖಾತೆಯಲ್ಲಿ ದುಡ್ಡಿದೆ ಅಂತ ಕಾಣತ್ತೆ, ಹೆಚ್ಚಿನದು ಸಾಲ.

ಸಿಡಿಸಿ ಅಳತೆ ಇದು, ಸೇವ್ ಮಾಡ್ಕೊಳ್ಳಿ:
– ಪೂಲ್‌ನಲ್ಲಿ ಫ್ರೀ ಕ್ಲೋರಿನ್ ಕನಿಷ್ಠ 1 ಪಿಪಿಎಂ. ಸಯನ್ಯೂರಿಕ್ ಆಸಿಡ್ ಬಳಸಿದ್ರೆ ಕನಿಷ್ಠ 2.
– ಹಾಟ್ ಟಬ್‌ನಲ್ಲಿ ಕನಿಷ್ಠ 3.
– ಪಿಎಚ್ 7.0ರಿಂದ 7.8.

ಪಿಪಿಎಂ ಅಂದ್ರೆ ಹೆದರಬೇಡಿ. ಒಂದು ಲೀಟರ್ ನೀರಲ್ಲಿ ಒಂದು ಮಿಲಿಗ್ರಾಂ, ಅಷ್ಟೇ.

ಭಾಗ 4/10

"ಹಾಗಾದ್ರೆ ಕ್ಲೋರಿನ್ ಜಾಸ್ತಿ ಸುರಿದ್ರೆ ಆಯ್ತಲ್ಲ?" ಅಂತ ಯಾರೋ ಡಿಎಂ ಮಾಡೇ ಮಾಡ್ತೀರಿ. ಇಲ್ಲ, ಪಿಎಚ್ ಅಂತ ಒಬ್ಬ ಮ್ಯಾನೇಜರ್ ಕೂತಿದ್ದಾನೆ.

ಪಿಎಚ್ 7.5 ಇದ್ರೆ ಫ್ರೀ ಕ್ಲೋರಿನ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಬಲವಾದ ರೂಪದಲ್ಲಿರತ್ತೆ. ಪಿಎಚ್ 8ಕ್ಕೆ ಏರಿದ್ರೆ ಅದು ಕಾಲು ಭಾಗಕ್ಕೆ ಇಳಿಯತ್ತೆ. ಹಾಕಿರೋದು ಅಷ್ಟೇ ಕ್ಲೋರಿನ್, ಮಾಡೋ ಕೆಲಸ ಅರ್ಧ. ಹಾಗಂತ ಪಿಎಚ್ ತೀರಾ ಇಳಿಸಿದ್ರೆ ಕಣ್ಣು ಉರಿಯತ್ತೆ, ಪಂಪಿನ ಲೋಹ ತಿನ್ನತ್ತೆ.

ಬಿಸಿಲು ಇನ್ನೊಂದು. ನಮ್ಮ ಏಪ್ರಿಲ್ ಬಿಸಿಲಿಗೆ ತೆರೆದ ಪೂಲ್‌ನ ಕ್ಲೋರಿನ್ ಕೆಲವೇ ಗಂಟೆಗಳಲ್ಲಿ ಹಾರಿಹೋಗತ್ತೆ. ಅದಕ್ಕೆ ಸಯನ್ಯೂರಿಕ್ ಆಸಿಡ್ ಸೇರಿಸ್ತಾರೆ, ಅದು ಕ್ಲೋರಿನ್‌ಗೆ ಸನ್‌ಸ್ಕ್ರೀನ್ ಇದ್ದ ಹಾಗೆ. ಅದೂ ಅತಿಯಾದ್ರೆ ಕ್ಲೋರಿನ್ ಸೋಮಾರಿಯಾಗತ್ತೆ. ಅದಕ್ಕೇ ಬೆಳಿಗ್ಗೆ ಆರಕ್ಕೆ ಒಂದ್ಸಲ ನೋಡಿ "ಓಕೆ" ಅಂತ ಬರೆದ ರೀಡಿಂಗ್ ಸಂಜೆ ನಾಲ್ಕಕ್ಕೆ ಇಳಿಯೋ ನಮಗೆ ಏನೂ ಹೇಳಲ್ಲ.

ಈಗ ಖರ್ಚು. 10 ಮೀಟರ್ ಉದ್ದ, 5 ಮೀಟರ್ ಅಗಲ, 1.2 ಮೀಟರ್ ಆಳದ ಪೂಲ್ ತಗೊಳ್ಳಿ. 60,000 ಲೀಟರ್ ನೀರು. ಇದರಲ್ಲಿ 1 ಪಿಪಿಎಂ ಕ್ಲೋರಿನ್ ಏರಿಸೋಕೆ ಬೇಕಾಗೋದು 60 ಗ್ರಾಂ ಕ್ಲೋರಿನ್. ಅಂಗಡಿಯಲ್ಲಿ ಸಿಗೋ 65 ಪರ್ಸೆಂಟ್ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದ್ರೆ ಸುಮಾರು 92 ಗ್ರಾಂ. ನೂರು ಗ್ರಾಂ ಕೂಡ ಇಲ್ಲ! ದಿನಕ್ಕೆ ನಾಲ್ಕೈದು ಸಲ ಹಾಕಿದ್ರೂ ಅರ್ಧ ಕೆಜಿ. ವೀಕೆಂಡ್‌ಗೆ ತಲೆಗೆ ಸಾವಿರಾರು ರೂಪಾಯಿ ತಗೊಳ್ಳೋ ಜಾಗಕ್ಕೆ ಇದು ಖರ್ಚೇ ಅಲ್ಲ.

ಹಾಗಾದ್ರೆ ಯಾಕೆ ನೀರು ಕೆಡತ್ತೆ? ಪುಡಿಗೆ ದುಡ್ಡಿಲ್ಲ ಅಂತಲ್ಲ. ಗಂಟೆಗೊಮ್ಮೆ ಅಳೆದು, ಬರೆದು, ಸರಿಮಾಡೋಕೆ ಒಬ್ಬ ಕಲಿತ ಮನುಷ್ಯನಿಗೆ ಸಂಬಳ ಕೊಡೋಕೆ ಮನಸ್ಸಿಲ್ಲ ಅಂತ.

ಭಾಗ 5/10

ಇದು ನನಗೆ ಯಾಕೆ ಇಷ್ಟು ಮುಖ್ಯ ಅಂದ್ರೆ, ನಮ್ಮ ಗ್ಯಾಂಗಲ್ಲೇ ಒಬ್ಬಳಿಗೆ ಆಸ್ತಮಾ ಇದೆ. ಟ್ರಿಪ್‌ಗೆ ಬರ್ತಾಳೆ, ಅಷ್ಟೇ ದುಡ್ಡು ಕೊಡ್ತಾಳೆ. ನಾವೆಲ್ಲ ನೀರಿಗೆ ಇಳಿದ್ರೆ ಅವಳು ದೂರ ಕುರ್ಚಿ ಹಾಕ್ಕೊಂಡು ಎಲ್ಲರ ಫೋನು, ಪರ್ಸು ಕಾಯ್ತಾಳೆ. "ಬಾರೇ, ನಿಂದೇನು ನಾಟಕ" ಅಂತ ಹುಡುಗರು ಎಳೀತಾರೆ. ಅವಳು ಕಷ್ಟಪಟ್ಟು ನಗ್ತಾಳೆ. ಒಂದು ಒಳಾಂಗಣ ಪೂಲ್‌ನಲ್ಲಿ ಹತ್ತು ನಿಮಿಷಕ್ಕೇ ಎದೆ ಬಿಗಿದು ಇನ್‌ಹೇಲರ್ ತೆಗೆದಿದ್ದಳು. ಆಮೇಲಿಂದ ಯಾವ ಪೂಲ್‌ಗೂ ಇಳಿದಿಲ್ಲ.

ದಯವಿಟ್ಟು "ನಾಟಕ" ಅನ್ನಬೇಡಿ. ಕ್ಲೋರಿನ್ ವಿಷಯದಲ್ಲಿ ನಾವು "ಅಲರ್ಜಿ" ಅಂತ ಸುಲಭವಾಗಿ ಹೇಳ್ತೀವಿ, ನಿಜವಾಗಿ ಇದು ಅಲರ್ಜಿ ಅಲ್ಲ, ಕೆರಳಿಕೆ. ಶೇಂಗಾ ಅಲರ್ಜಿ ಇರೋರಿಗೆ ಒಂದು ಕಾಳು ಸಾಕು. ಕೆರಳಿಕೆ ಹಾಗಲ್ಲ, ಅದು ಪ್ರಮಾಣದ ಮೇಲೆ ನಿಂತಿದೆ. ಕ್ಲೋರಮೈನ್ ಜಾಸ್ತಿ ಆದ ಗಾಳಿ ಯಾರ ಕಣ್ಣನ್ನಾದ್ರೂ ಕೆಂಪು ಮಾಡತ್ತೆ, ಯಾರನ್ನಾದ್ರೂ ಕೆಮ್ಮಿಸತ್ತೆ. ಆಸ್ತಮಾ ಇರೋರಿಗೆ, ಇಸುಬು ಇರೋ ಚರ್ಮಕ್ಕೆ, ಅದು ಮೊದಲು ಮತ್ತು ಜೋರಾಗಿ ತಟ್ಟತ್ತೆ. ಅಷ್ಟೇ ವ್ಯತ್ಯಾಸ.

ಪ್ರಮಾಣ ಅಂದೆನಲ್ಲ, ಒಂದು ತಮಾಷೆ ನೋಡಿ. ಕೆಲವು ಇಸುಬು ರೋಗಿಗಳಿಗೆ ಚರ್ಮದ ಡಾಕ್ಟರೇ ತುಂಬಾ ತೆಳುವಾದ ಬ್ಲೀಚ್ ನೀರಿನ ಸ್ನಾನ ಹೇಳ್ತಾರೆ. (ಮನೆಯಲ್ಲಿ ನೀವೇ ಟ್ರೈ ಮಾಡಬೇಡಿ.) ಅದೇ ವಸ್ತು ಅಳತೆಯಲ್ಲಿ ಔಷಧ, ಅಳತೆ ತಪ್ಪಿದ್ರೆ ಉರಿ. ಆಸ್ತಮಾ ಇರೋರಿಗೆ ಈಜು ಒಳ್ಳೇದು, ತೇವದ ಗಾಳಿ ಶ್ವಾಸನಾಳಕ್ಕೆ ಹಿತ, ಅಂತ ಡಾಕ್ಟರ್‌ಗಳು ಹೇಳೋದೂ ನಿಜ. ಆದರೆ ಆ ಗಾಳಿ ಶುದ್ಧ ಇರಬೇಕಲ್ಲ!

ಹಾಗಾಗಿ ನನ್ನ ಮಾತು ಇಷ್ಟೇ. ಅವಳು ಪೂಲ್‌ನಿಂದ ಹೊರಗೆ ಕೂರೋದಕ್ಕೆ ಅವಳ ಶ್ವಾಸಕೋಶ ಮಾತ್ರ ಕಾರಣ ಅಲ್ಲ. ನೀರು ಅಳೆಯದೆ ಬಿಟ್ಟವರು ಅವಳನ್ನ ಹೊರಗೆ ಕೂರಿಸಿದ್ದಾರೆ. ಉರಿಯೋ ಕಣ್ಣಲ್ಲಿ ರೀಲ್ಸ್ ಮಾಡೋ ನಮಗಿಂತ ಮೊದಲು ಅವಳ ಎದೆ ಅದನ್ನ ಕಂಡುಹಿಡೀತು.

ಭಾಗ 6/10

ಈಗ ಹಾಟ್ ಟಬ್. ನಮ್ಮ ಕಡೆ ಎಲ್ಲದಕ್ಕೂ "ಜಕೂಜಿ" ಅಂತೀವಿ, ಅದು ನಿಜವಾಗಿ ಒಂದು ಕಂಪನಿ ಹೆಸರು. ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಸ್ಟೇಗಳ ಜಾಹೀರಾತಲ್ಲಿ ಮಂಜು, ಗುಡ್ಡ, ಗುಳ್ಳೆ ಏಳೋ ಬಿಸಿನೀರು. ನೋಡೋಕೆ ಚೆಂದ.

ಲೆಕ್ಕ ಮಾಡೋಣ. ಟಬ್‌ನಲ್ಲಿ 1,500 ಲೀಟರ್ ನೀರು ಅಂತಿಟ್ಕೊಳ್ಳಿ, ನಾಲ್ಕು ಜನ ಇಳಿದ್ರು. ತಲೆಗೆ 375 ಲೀಟರ್. ಹಿಂದಿನ ಭಾಗದ ನಮ್ಮ 60,000 ಲೀಟರ್ ಪೂಲ್‌ನಲ್ಲಿ ತಲೆಗೆ ಇಷ್ಟೇ ನೀರು ಸಿಗಬೇಕಾದ್ರೆ 160 ಜನ ಇಳೀಬೇಕು. 160 ಜನ ತುಂಬಿದ ಆ ಪೂಲ್‌ಗೆ ನೀವು ಇಳೀತೀರಾ? ಟಬ್‌ಗೆ ಮಾತ್ರ ನಗುನಗ್ತಾ ಇಳೀತೀವಿ.

ಜೊತೆಗೆ ಬಿಸಿ. ಗರಿಷ್ಠ 40 ಡಿಗ್ರಿ ಸೆಲ್ಸಿಯಸ್ ಮೀರಬಾರದು ಅಂತ ನಿಯಮ. ಆ ಬಿಸಿಗೆ, ಆ ಗುಳ್ಳೆಗೆ ಕ್ಲೋರಿನ್ ಬೇಗ ಹಾರಿಹೋಗತ್ತೆ, ನಾವು ಬೆವರ್ತೀವಿ, ಬ್ಯಾಕ್ಟೀರಿಯಾ ಬೆಳೀತಾವೆ. ಸೂಡೊಮೊನಾಸ್ ಅನ್ನೋದು ಈಜುಡುಗೆ ಮುಚ್ಚಿದ ಜಾಗದಲ್ಲಿ ಕೆಂಪು ಗುಳ್ಳೆ ಎಬ್ಬಿಸತ್ತೆ. ಟ್ರಿಪ್‌ನಿಂದ ಬಂದು ಒಂದೆರಡು ದಿನಕ್ಕೆ ಮೈ ಕೆರೆದ್ರೆ ನಾವು "ಕೆಮಿಕಲ್ ಆಗಿಬರಲಿಲ್ಲ" ಅಂತೀವಿ. ಎಷ್ಟೋ ಸಲ ಕೆಮಿಕಲ್ ಕಡಿಮೆ ಇದ್ದದ್ದೇ ಕಾರಣ ಆಗಿರತ್ತೆ.

ಲೀಜಿಯೊನೆಲ್ಲಾ ಇನ್ನೂ ಗಂಭೀರ. ಅದು ಕುಡಿದ್ರೆ ಅಲ್ಲ, ಗುಳ್ಳೆ ಒಡೆದಾಗ ಏಳೋ ಸಣ್ಣ ಹನಿಯನ್ನ ಉಸಿರಲ್ಲಿ ಎಳ್ಕೊಂಡ್ರೆ ಬರೋ ನ್ಯುಮೋನಿಯಾ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಬೋವನ್‌ಕಾರ್ಸ್‌ಪೆಲ್ ಊರಿನ ಹೂವಿನ ಪ್ರದರ್ಶನದಲ್ಲಿ ಮಾರಾಟಕ್ಕೆ ಅಂತ ಹಾಟ್ ಟಬ್ ಓಡಿಸಿ ತೋರಿಸ್ತಿದ್ದರು. ಯಾರೂ ಅದಕ್ಕೆ ಇಳಿದಿರಲಿಲ್ಲ, ಪಕ್ಕದಲ್ಲಿ ನಡೆದುಹೋದರು ಅಷ್ಟೇ. ಕನಿಷ್ಠ 32 ಜನ ಸತ್ತರು. ಹೂವು ನೋಡೋಕೆ ಹೋದವರು.

ನೀರು ಯಾವಾಗ ಬದಲಾಯಿಸಬೇಕು ಅನ್ನೋದಕ್ಕೂ ಅಮೆರಿಕದಲ್ಲಿ ಒಂದು ಸೂತ್ರ ಇದೆ. ಅದರ ಪ್ರಕಾರ 1,500 ಲೀಟರ್ ಟಬ್‌ಗೆ ದಿನಕ್ಕೆ 20 ಜನ ಇಳಿದ್ರೆ ಸುಮಾರು ಆರೂವರೆ ದಿನಕ್ಕೆ ಪೂರ್ತಿ ಖಾಲಿ ಮಾಡಿ ತುಂಬಬೇಕು. ಮುಂದಿನ ಸಲ ಬುಕ್ ಮಾಡೋವಾಗ ಕೇಳಿ ನೋಡಿ, "ಟಬ್ ನೀರು ಕೊನೇ ಸಲ ಯಾವತ್ತು ಬದಲಾಯಿಸಿದ್ರಿ ಅಣ್ಣ?" ಅಂತ. ಉತ್ತರ ಬರೋಕೆ ಎಷ್ಟು ಹೊತ್ತಾಗತ್ತೆ ಅನ್ನೋದೇ ಉತ್ತರ.

ಭಾಗ 7/10

"ನಮ್ಮದು ಸಾಲ್ಟ್ ವಾಟರ್ ಪೂಲ್, ಕೆಮಿಕಲ್ ಫ್ರೀ" ಅನ್ನೋ ಜಾಹೀರಾತು ನೋಡಿದ್ದೀರಾ? ಸಾಲ್ಟ್ ಪೂಲ್‌ನಲ್ಲಿ ಒಂದು ಯಂತ್ರ ಉಪ್ಪು ನೀರಿಗೆ ಕರೆಂಟ್ ಹಾಯಿಸಿ ಕ್ಲೋರಿನ್ ತಯಾರಿಸತ್ತೆ. ಅದೇ ಕ್ಲೋರಿನ್, ಹೊರಗಿಂದ ತರೋ ಬದಲು ಮನೆಯಲ್ಲೇ ಮಾಡಿದ್ದು. ಹೋಟೆಲ್ ದೋಸೆ, ಮನೆ ದೋಸೆ ಎರಡೂ ದೋಸೆಯೇ. ಪ್ರಮಾಣ ಒಂದೇ ಸಮ ಇರೋದ್ರಿಂದ ಕೆಲವರಿಗೆ ಹಿತ ಅನ್ನಿಸಬಹುದು, ಅದು ಸರಿ. "ಕೆಮಿಕಲ್ ಫ್ರೀ" ಅನ್ನೋದು ಮಾತ್ರ ಸುಳ್ಳು.

ಬ್ರೋಮಿನ್ ಬಗ್ಗೆಯೂ "ಚರ್ಮಕ್ಕೆ ಮೃದು" ಅಂತಾರೆ. ಬಿಸಿನೀರಿನ ಟಬ್‌ಗೆ ಅದು ಒಗ್ಗತ್ತೆ, ಕ್ಲೋರಿನ್‌ನಷ್ಟು ವಾಸನೆ ಬರಲ್ಲ. ಆದರೆ ಬ್ರೋಮಿನ್ ಹಾಕಿದ ಪೂಲ್‌ಗಳಲ್ಲಿ ಮೈ ತುರಿಕೆ ಬಂದದ್ದನ್ನ ಬ್ರಿಟನ್ನಿನ ಡಾಕ್ಟರ್‌ಗಳು 1980ರ ದಶಕದಲ್ಲೇ ಬರೆದಿದ್ದಾರೆ. ಎಲ್ಲರಿಗೂ ಒಗ್ಗೋ ಮ್ಯಾಜಿಕ್ ಪುಡಿ ಅಂತ ಯಾವುದೂ ಇಲ್ಲ.

"ಕ್ಲೋರಿನ್ ಬೇಡವೇ ಬೇಡ, ನೈಸರ್ಗಿಕವಾಗಿ ಬಿಡಿ" ಅನ್ನೋರಿಗೆ 2016ರ ರಿಯೊ ಒಲಿಂಪಿಕ್ಸ್ ನೆನಪಿಸ್ತೀನಿ. ಡೈವಿಂಗ್ ಪೂಲ್ ರಾತ್ರಿ ಬೆಳಗಾಗೋದ್ರೊಳಗೆ ಹಸಿರಾಯ್ತು, ಪ್ರಪಂಚವೇ ಟಿವಿಯಲ್ಲಿ ನೋಡ್ತು. ಕಾರಣ ಏನು? ಗುತ್ತಿಗೆದಾರರು ಹೈಡ್ರೋಜನ್ ಪೆರಾಕ್ಸೈಡ್ ಸುರಿದುಬಿಟ್ಟಿದ್ದರು, ಅದು ಕ್ಲೋರಿನ್‌ನ ಶಕ್ತಿಯನ್ನೇ ಅಳಿಸಿಹಾಕ್ತು. ಪಕ್ಕದ ಇನ್ನೊಂದು ಪೂಲ್‌ನ ನೀರನ್ನ ಪೂರ್ತಿ ಖಾಲಿ ಮಾಡಿ ಬೇರೆ ನೀರು ತುಂಬಬೇಕಾಯ್ತು. ಒಲಿಂಪಿಕ್ಸ್‌ನವರಿಗೇ ಹೀಗಾದ್ರೆ, ಊರಾಚೆ ಫಾರ್ಮ್‌ಹೌಸ್ ಪೂಲ್‌ನಲ್ಲಿ ಯಾರು ಏನು ಸುರೀತಿದ್ದಾರೋ ನೋಡೋರು ಯಾರು?

ಇನ್ನು ನೀರು ಮಬ್ಬಾಗಿದ್ರೆ ಅದು ಬರೀ ಆರೋಗ್ಯದ ಪ್ರಶ್ನೆ ಅಲ್ಲ. ತಳ ಕಾಣದ ನೀರಲ್ಲಿ ಮುಳುಗಿದವರೂ ಕಾಣಲ್ಲ. ತಳದಲ್ಲಿರೋ ನೀರು ಹೋಗೋ ಜಾಲರಿ ದಡದಿಂದ ಸ್ಪಷ್ಟವಾಗಿ ಕಾಣದಿದ್ರೆ ಇಳಿಯಲೇಬೇಡಿ. ಇದೊಂದು ಮಾತು ಮರೀಬೇಡಿ.

ಭಾಗ 8/10

ಈ ಭಾಗ ದಯವಿಟ್ಟು ಸ್ಕ್ರೋಲ್ ಮಾಡಬೇಡಿ.

ನಾವು ಇಳಿಯೋದು ತಿಂಗಳಿಗೋ ವರ್ಷಕ್ಕೋ ಒಂದು ದಿನ. ಆ ಕೆಮಿಕಲ್ ಜೊತೆ ದಿನಾ ಇರೋರು ಯಾರು? ಬೆಳಿಗ್ಗೆ ಐದಕ್ಕೆ ಎದ್ದು, ಮೂಗಿಗೆ ಟವೆಲ್ ಸುತ್ಕೊಂಡು, ಬರೀ ಕೈಯಲ್ಲಿ ಬ್ಲೀಚಿಂಗ್ ಪೌಡರ್ ಎರಚೋ ಅಣ್ಣ. ಅವರ ಕೈ ನೋಡಿ ಒಂದ್ಸಲ, ಒಡೆದು ಬಿಳಿಚಿರತ್ತೆ. ಕೆಮಿಕಲ್ ಆಗಿಬರಲ್ಲ ಅಂತ ಹೇಳೋ ಅವಕಾಶ ಅವರಿಗಿಲ್ಲ, ಹೇಳಿದ್ರೆ ಕೆಲಸ ಹೋಗತ್ತೆ.

ಪೂಲ್ ರೂಮಿನಲ್ಲಿ ಇರೋದು ಆಟದ ವಸ್ತು ಅಲ್ಲ. ಬ್ಲೀಚಿಗೆ ಆಸಿಡ್ ಸೇರಿದ್ರೆ ಕ್ಲೋರಿನ್ ಅನಿಲ ಏಳತ್ತೆ. ಟ್ರೈಕ್ಲೋರೋ ಗುಳಿಗೆ, ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ ಎರಡೂ "ಕ್ಲೋರಿನ್" ಅಂತಲೇ ಮಾರ್ತಾರೆ. ಎರಡನ್ನೂ ಒಂದೇ ಬಕೆಟ್‌ಗೆ ಹಾಕಿದ್ರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಡಬ್ಬಿ ಮೇಲಿನ ಎಚ್ಚರಿಕೆ ಇಂಗ್ಲಿಷಲ್ಲಿ, ಸಣ್ಣ ಅಕ್ಷರದಲ್ಲಿ. ಓದಬೇಕಾದವರು ಕನ್ನಡವೋ ಹಿಂದಿಯೋ ಒಡಿಯಾವೋ ಓದೋರು.

2023ರ ಅಕ್ಟೋಬರ್‌ನಲ್ಲಿ ಪುಣೆ ಪಕ್ಕದ ಕಾಸರವಾಡಿಯ ನಗರಪಾಲಿಕೆ ಈಜುಕೊಳದಲ್ಲಿ ಕ್ಲೋರಿನ್ ಅನಿಲ ಸೋರಿ ಹಲವರು ಆಸ್ಪತ್ರೆ ಸೇರಿದರು. ಬೆಳಿಗ್ಗೆ ಈಜೋಕೆ ಬಂದ ಸಾಮಾನ್ಯ ಜನ.

ಹಾಗಾಗಿ ಬೋರ್ಡ್ ಬೇಕು ಅಂದಾಗ ನನ್ನ ಮನಸ್ಸಲ್ಲಿರೋದು ಗಿರಾಕಿ ಮಾತ್ರ ಅಲ್ಲ. ಅಳೆಯೋ ಕೆಲಸ ಶುರುವಾದ್ರೆ ಅಳೆಯೋರಿಗೆ ತರಬೇತಿ ಕೊಡಲೇಬೇಕಾಗತ್ತೆ. ಗ್ಲೌಸ್, ಕನ್ನಡಕ, ಮಾಸ್ಕ್, ಕನ್ನಡದಲ್ಲಿ ಬರೆದ ಸೂಚನೆ ಇವೆಲ್ಲ ಆಮೇಲೆ ಬರತ್ತೆ. ಕಣ್ಣಂದಾಜಿನಲ್ಲಿ ಮಗ್ ತುಂಬಿ ಎರಚೋದು ನಿಂತ್ರೆ ಮೊದಲು ಉಳಿಯೋದು ಆ ಅಣ್ಣನ ಶ್ವಾಸಕೋಶ.

ಭಾಗ 9/10

ಈಗ ನನ್ನ ವಿರುದ್ಧದ ಮಾತುಗಳು. ಕಾಮೆಂಟಲ್ಲಿ ಬರೋದನ್ನ ನಾನೇ ಹೇಳ್ತೀನಿ.

ಒಂದು: "ನಮ್ಮ ಅಜ್ಜ, ಅಪ್ಪ ಎಲ್ಲ ಬಾವೀಲಿ, ಕೆರೇಲಿ ಬೆನ್ನಿಗೆ ಸೋರೆಬುರುಡೆ ಕಟ್ಕೊಂಡು ಈಜು ಕಲಿತೋರು. ಏನಾಯ್ತು ಅವರಿಗೆ?" ಒಳ್ಳೇ ಪ್ರಶ್ನೆ. ಏನೂ ಆಗದವರು ಕಥೆ ಹೇಳೋಕೆ ಉಳಿದಿದ್ದಾರೆ, ಆದವರು ಹೇಳೋಕಾಗಲ್ಲ. ಕೇರಳದಲ್ಲಿ ಮಿದುಳಿಗೆ ನುಗ್ಗೋ ಅಮೀಬಾ ಸುದ್ದಿ 2024, 2025ರಲ್ಲಿ ಓದಿರ್ತೀರಿ. ನೇಗ್ಲೇರಿಯಾ ಬೆಚ್ಚಗಿನ ಸಿಹಿನೀರಲ್ಲಿ ಇರತ್ತೆ, ಮೂಗಿನ ಮೂಲಕ ಒಳಗೆ ಹೋಗತ್ತೆ. ಬಹಳ ಅಪರೂಪ, ಆದರೆ ಬಂದ್ರೆ ಬದುಕೋದು ಕಷ್ಟ. 2025ರ ನವೆಂಬರ್‌ನಲ್ಲಿ ಶಬರಿಮಲೆಗೆ ಹೋಗೋರಿಗೆ ನಮ್ಮ ಕರ್ನಾಟಕದ ಆರೋಗ್ಯ ಇಲಾಖೆಯೂ ಮೂಗಿಗೆ ನೀರು ಹೋಗದ ಹಾಗೆ ನೋಡ್ಕೊಳ್ಳಿ ಅಂತ ಸೂಚನೆ ಕೊಟ್ಟಿತ್ತು. ಸರಿಯಾದ ಪ್ರಮಾಣದ ಕ್ಲೋರಿನ್ ಇದ್ದ ನೀರಲ್ಲಿ ಈ ಅಮೀಬಾ ಉಳಿಯಲ್ಲ. ಕ್ಲೋರಿನ್ ನಮ್ಮ ಶತ್ರು ಅಲ್ಲ ಅಂತ ನಾನು ಹೇಳ್ತಿರೋದು ಇದಕ್ಕೇ.

ಎರಡು: "ಕ್ಲೋರಿನ್ ಇದ್ರೆ ಎಲ್ಲ ಸಾಯತ್ತೆ ಬಿಡಿ." ಎಲ್ಲ ಅಲ್ಲ. ಹೆಚ್ಚಿನ ರೋಗಾಣು ನಿಮಿಷಗಳಲ್ಲಿ ಸಾಯ್ತಾವೆ. ಭೇದಿ ತರೋ ಕ್ರಿಪ್ಟೊಸ್ಪೊರಿಡಿಯಂ ಮಾತ್ರ ಸರಿಯಾಗಿ ಕ್ಲೋರಿನ್ ಹಾಕಿದ ನೀರಲ್ಲೂ ಒಂದು ವಾರಕ್ಕಿಂತ ಜಾಸ್ತಿ ಬದುಕತ್ತೆ. ಅದಕ್ಕೆ ಪೂಲ್‌ನವರನ್ನ ಮಾತ್ರ ಬೈದು ಪ್ರಯೋಜನ ಇಲ್ಲ. ಹೊಟ್ಟೆ ಕೆಟ್ಟಿದ್ರೆ ನೀವು ಇಳೀಬಾರದು, ಅಷ್ಟೇ.

ಮೂರು: "ಕುಡಿಯೋಕೆ ನೀರಿಲ್ಲದ ಊರಲ್ಲಿ ಪೂಲ್ ಬಗ್ಗೆ ಮಾತಾಡೋದಾ?" ಇದು ಮನಸ್ಸಿಗೆ ತಾಗೋ ಮಾತು. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಟ್ಯಾಂಕರ್‌ಗೆ ಕ್ಯೂ ನಿಂತಾಗ ಜಲಮಂಡಳಿ ಪೂಲ್‌ಗೆ ಕುಡಿಯೋ ನೀರು ಬಳಸೋದನ್ನೇ ನಿಷೇಧಿಸಿತು, 5,000 ರೂಪಾಯಿ ದಂಡ ಅಂತ. ಅದು ಸರಿಯಾದ ತೀರ್ಮಾನ. ಆದರೆ ನೀರಿನ ಕೊರತೆ ಇದ್ದಷ್ಟೂ ಅದೇ ನೀರನ್ನ ಹೆಚ್ಚು ದಿನ ಓಡಿಸ್ತಾರೆ. ಬದಲಾಯಿಸದ ನೀರನ್ನ ಅಳೆಯದೆಯೂ ಬಿಟ್ರೆ? ನೀರು ಕಡಿಮೆ ಇರೋ ಊರಿಗೆ ಅಳತೆ ಇನ್ನೂ ಜಾಸ್ತಿ ಬೇಕು.

ಭಾಗ 10/10

ಕೊನೇ ಭಾಗ. ಏನು ಮಾಡಬೇಕು?

ಎಕನಾಮಿಕ್ಸ್‌ನಲ್ಲಿ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಬರೆದ ಹಳೇ ಕಾರಿನ ಮಾರುಕಟ್ಟೆಯ ವಾದ ಇದೆ. ಮಾರೋನಿಗೆ ಕಾರಿನ ಗುಟ್ಟು ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ. ಹೀಗಿದ್ದಾಗ ಒಳ್ಳೇ ಕಾರಿಗೂ ಕೆಟ್ಟ ಕಾರಿಗೂ ಒಂದೇ ಬೆಲೆ ಸಿಗತ್ತೆ, ಒಳ್ಳೇ ಕಾರಿನವರು ಮಾರುಕಟ್ಟೆಯನ್ನೇ ಬಿಟ್ಟುಹೋಗ್ತಾರೆ. ಪೂಲ್ ಕಥೆಯೂ ಅದೇ. ಕಾಳಜಿಯಿಂದ ನೀರು ನೋಡ್ಕೊಳ್ಳೋ ರೆಸಾರ್ಟ್‌ಗೂ, ನೀಲಿ ಟೈಲ್ಸ್ ಹಾಕಿ ಫೋಟೋ ಹಾಕೋ ರೆಸಾರ್ಟ್‌ಗೂ ನಾವು ಒಂದೇ ಲೈಕ್ ಕೊಡ್ತೀವಿ. ಟೈಲ್ಸ್ ನೀಲಿ ಇದ್ರೆ ಎಲ್ಲ ನೀರೂ ನೀಲಿ.

ಗುಟ್ಟು ಒಡೆಯೋದೇ ದಾರಿ. ಪೆಟ್ರೋಲ್ ಬಂಕ್‌ನಲ್ಲಿ ಅನುಮಾನ ಬಂದ್ರೆ 5 ಲೀಟರ್ ಅಳತೆ ಪಾತ್ರೆಯಲ್ಲಿ ಹಾಕಿ ತೋರಿಸಿ ಅಂತ ಕೇಳಬಹುದು. ಹೋಟೆಲ್ ಗೋಡೆ ಮೇಲೆ ಆಹಾರ ಲೈಸೆನ್ಸ್ ನಂಬರ್ ಇರಬೇಕು. ಈಜುಕೊಳದ ನೀರು ಹೇಗಿರಬೇಕು ಅಂತ ನಮ್ಮ ಬಿಐಎಸ್‌ನ ಐಎಸ್ 3328 ಅನ್ನೋ ಮಾನದಂಡ ಇದೆ, 1993ರದು. ಪುಸ್ತಕದಲ್ಲಿದೆ, ಗೇಟಲ್ಲಿ ಇಲ್ಲ. ಗೇಟಿಗೆ ಬರಲಿ. ಒಂದು ಬೋರ್ಡು, ಆರು ಕಾಲಂ: ಸಮಯ, ಫ್ರೀ ಕ್ಲೋರಿನ್, ಒಟ್ಟು ಕ್ಲೋರಿನ್, ಪಿಎಚ್, ಎಷ್ಟು ಜನ ಇಳಿದ್ರು, ಅಳೆದವರ ಸಹಿ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಡೇ ಬುಕ್. ಡೇ ಬುಕ್ ಇಲ್ಲದ ಅಂಗಡಿಯನ್ನ ಯಾವ ಆಡಿಟರ್ ನಂಬ್ತಾನೆ?

ಬೋರ್ಡ್ ಬರೋವರೆಗೆ ನಾವು ಮಾಡೋದು:

– ಬುಕ್ ಮಾಡೋ ಮೊದಲು ಮೂರು ಪ್ರಶ್ನೆ. ಇವತ್ತಿನ ಫ್ರೀ ಕ್ಲೋರಿನ್ ಎಷ್ಟು? ಪಿಎಚ್ ಎಷ್ಟು? ಟಬ್ ನೀರು ಯಾವಾಗ ಬದಲಾಯಿಸಿದ್ರಿ?
– ಟ್ರಿಪ್‌ಗೆ ಹೋಗೋ ಗ್ಯಾಂಗ್ ಸೇರಿ ಒಂದು ಡಬ್ಬಿ ಟೆಸ್ಟ್ ಸ್ಟ್ರಿಪ್ ತಗೊಳ್ಳಿ. ನೀರಲ್ಲಿ ಅದ್ದಿ, ಬಣ್ಣ ಹೋಲಿಸಿ, ಅಷ್ಟೇ ಕೆಲಸ.
– ಮೂಗು ಉರಿದ್ರೆ, ತಳ ಕಾಣದಿದ್ರೆ, ಟಬ್ ಗೋಡೆ ಜಾರಿದ್ರೆ ಇಳಿಯಬೇಡಿ. ದುಡ್ಡು ಕೊಟ್ಟಾಗಿದೆ ಅನ್ನೋದು ಕಾರಣ ಅಲ್ಲ. ಅದು ಸಂಕ್ ಕಾಸ್ಟ್, ಓದಿದ್ದೀರಿ.
– ಇಳಿಯೋ ಮೊದಲು ಒಂದೇ ನಿಮಿಷ ಸ್ನಾನ. ಬೆವರು, ಕ್ರೀಮು, ಮೇಕಪ್ ಹೆಚ್ಚಿನದೆಲ್ಲ ಅಲ್ಲೇ ಹೋಗತ್ತೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಕೊಂಡು, ಓಡಾಡಿದ ಜೀನ್ಸಲ್ಲೇ ಹಾರೋದು ಬೇಡ.
– ಟಾಯ್ಲೆಟ್‌ಗೆ ಎದ್ದು ಹೋಗಿ. ದಯವಿಟ್ಟು.
– ಆಸ್ತಮಾ ಇದ್ರೆ ಇನ್‌ಹೇಲರ್ ದಡದಲ್ಲೇ ಇರಲಿ, ಜೊತೆಯವರಿಗೆ ಗೊತ್ತಿರಲಿ. ಚರ್ಮ ಒಣಗೋರು ಹೊರಗೆ ಬಂದ ತಕ್ಷಣ ಸಿಹಿನೀರಲ್ಲಿ ತೊಳ್ಕೊಂಡು ಮಾಯಿಶ್ಚರೈಸರ್ ಹಚ್ಕೊಳ್ಳಿ.
– ಯಾರಾದ್ರೂ "ನಾನು ಇಳಿಯಲ್ಲ" ಅಂದ್ರೆ ಎಳೀಬೇಡಿ. ಯಾಕೆ ಅಂತ ಕೇಳಿ, ಆಮೇಲೆ ನೀರಿನ ಕಡೆ ನೋಡಿ.

ಅಪಾರ್ಟ್‌ಮೆಂಟಲ್ಲಿ ಇರೋರು, ಇವತ್ತೇ ನಿಮ್ಮ ಅಸೋಸಿಯೇಷನ್ ಗ್ರೂಪಲ್ಲಿ ಲಾಗ್ ಬುಕ್ ಫೋಟೋ ಕೇಳಿ. ಕೊಟ್ರೆ ಸ್ಟೋರಿ ಹಾಕಿ ಹೊಗಳಿ, ನಾನು ಶೇರ್ ಮಾಡ್ತೀನಿ. ಕೊಡದಿದ್ರೆ ನಾಳೆ ಮತ್ತೆ ಕೇಳಿ.

ನಿಮ್ಮ ಪೂಲ್‌ನ ರೀಡಿಂಗ್ ಎಷ್ಟು ಬಂತು ಅಂತ ಕಾಮೆಂಟಲ್ಲಿ ಬರೀರಿ. ಜಾಗದ ಹೆಸರು ಬೇಡ, ನಂಬರ್ ಸಾಕು. ಮುಂದಿನ ವಾರ ಎಲ್ಲ ನಂಬರ್ ಸೇರಿಸಿ ಒಂದು ಟೇಬಲ್ ಮಾಡಿ ಹಾಕ್ತೀನಿ. ಟ್ಯಾಲಿ ಮಾಡೋದು ನಮ್ಮ ಕೆಲಸ ತಾನೇ.

#ಪೂಲ್‌ನೀರು #ನೀರಿನಲೆಕ್ಕ #ಬೋರ್ಡ್‌ಹಾಕಿ #ಬಿಕಾಂಕಣ್ಣಲ್ಲಿ #ಕನ್ನಡಕ್ಯಾಪ್ಷನ್